ಎಡಕ್ಕೊಂದು ಬಲಕ್ಕೊಂದು

ಡಬ್ಬಿಯ ಮೂಲೆ ಹರಿದಿತ್ತು, ಅದಕ್ಕೇ ಅರ್ಧ ಬೆಲೆ.
ಮೇಲೆ ದಪ್ಪಕ್ಷರದಲ್ಲಿ: ಹೊಸಬರಿಗಾಗಿ.
ಒಳಗೆ ದೋಣಿಯಿರಲಿಲ್ಲ.
ಒಂದು ಹಿಡಿ ಪಟ್ಟಿ, ಮಣಿಯಂಥ ರಾಟೆಗಳು, ಮೂರು ಬಗೆಯ ದಾರ,
ಹಾಯಿಗೆಂದು ಕರವಸ್ತ್ರದಷ್ಟು ಬಟ್ಟೆ,
ಮತ್ತೆ, ಇಟಲಿಯಿಂದ ಎಡವುತ್ತ ಎಡವುತ್ತ
ಫಿನ್ನಿಶ್ ಭಾಷೆಗೆ ಬಂದು ಬಿದ್ದ ಸೂಚನೆಯ ಹಾಳೆಗಳು:
‘ಹಲಗೆಯನ್ನು ನೆನೆಸಿ, ಅದರ ಮನಸ್ಸು ಒಲಿಸಿ.’

ನಾನು ಟ್ರಾಮ್ ಓಡಿಸುವವನು.
ಹೆರ್ವಾಂತಾದಿಂದ ಪೇಟೆಗೆ, ಪೇಟೆಯಿಂದ ಹೆರ್ವಾಂತಾಕ್ಕೆ,
ನಾಲ್ಕು ಚಳಿಗಾಲ ಹಳಿ ಹೇಳಿದತ್ತಲೇ ಹೋಗಿದ್ದೇನೆ.
ಚುಕ್ಕಾಣಿ ಅನ್ನುವುದನ್ನು ಕೈಯಲ್ಲಿ ಹಿಡಿದದ್ದು
ಇದೇ ಮೊದಲು. ಉಗುರಿನಷ್ಟಿತ್ತು.

ಹಿಲ್ಲಾ ಬರುವುದು ವಾರ ಬಿಟ್ಟು ವಾರ,
ಶುಕ್ರವಾರ ಐದಕ್ಕೆ, ಬೆನ್ನಿಗೆ ಚೀಲ,
ಚೀಲದಲ್ಲಿ ಒದ್ದೆ ಕೈಗವಸು.
ಒಂಬತ್ತು ವರ್ಷ. ಸೂಚನೆ ಓದುವವಳು ಅವಳೇ.
ನಾನು ಬರೀ ಕೈ.

ಬೆನ್ನೆಲುಬು ನಿಲ್ಲಿಸಿದೆವು, ಪಕ್ಕೆಲುಬು ಜೋಡಿಸಿದೆವು.
‘ತಿಂದುಳಿದ ಮೀನಿನ ಹಾಗಿದೆ’ ಅಂದಳು.
ಮೂರನೆಯ ಪಕ್ಕೆ ತಿರುಗುಮುರುಗಾಗಿತ್ತು,
ಬಿಸಿನೀರಲ್ಲಿ ಬಿಡಿಸಿ ಮತ್ತೆ ಅಂಟಿಸಿದೆವು;
ಅಂಟು ಮೇಜಿಗೂ ಒಂದಿಷ್ಟು, ಅವಳ ಜಡೆಗೂ ಒಂದಿಷ್ಟು.

ಪುಟ ಏಳು. ಬೆರಳಿಟ್ಟು ಓದಿದಳು:
‘ಹಲಗೆ ಎಡಕ್ಕೊಂದು ಬಲಕ್ಕೊಂದು.
ಒಂದೇ ಕಡೆ ಎರಡು ಕೂಡದು.
ಬೆನ್ನು ತಿರುಚಿಕೊಂಡರೆ ಮತ್ತೆ ನೆಟ್ಟಗಾಗದು.’
ಇಬ್ಬರೂ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.
ಕೆಟಲ್ ಕೂಗಿತು.

ಕಾಫಿಯ ಫ್ಲಾಸ್ಕಿನಲ್ಲಿ ಅರ್ಧ ಗಂಟೆ ನೆನೆದ ಪಟ್ಟಿ
ಹೊರಬಂದಾಗ ಕೇಳಿದಷ್ಟೇ ಬಾಗುತ್ತದೆ.
ಮೂತಿಯ ಕಡೆ ಅವಳು ಒತ್ತುತ್ತಾಳೆ, ಬಾಲದ ಕಡೆ ನಾನು,
ಬಟ್ಟೆಯ ಕ್ಲಿಪ್ಪು ಕಚ್ಚಿಸಿ, ಆಮೇಲೆ ಉಸಿರು.
ಒಂದು ಸಲಕ್ಕೆ ಒಂದೇ ಜೋಡಿ.
ಪುಟ ಏಳರ ಕೆಳಗೆ ಪೆನ್ಸಿಲ್ಲಿನಲ್ಲಿ ಅವಳದೇ ನಿಯಮ:
ನಾನಿಲ್ಲದಾಗ ಮುಟ್ಟಬೇಡ.

ಮುಟ್ಟಿದೆ.
ಫೆಬ್ರವರಿಯ ಮಂಗಳವಾರ, ಹೊರಗೆ ಮೈನಸ್ ಇಪ್ಪತ್ತಾರು,
ಕೊನೆಯ ಟ್ರಾಮನ್ನು ಶೆಡ್ಡಿಗೆ ಸೇರಿಸಿ ಬಂದವನಿಗೆ
ಮನೆ ತೀರಾ ಅಚ್ಚುಕಟ್ಟಾಗಿ ಕಂಡಿತು.
ಫ್ಲಾಸ್ಕ್ ತುಂಬಿಸಿದೆ. ಒಂದು ಹಲಗೆ, ಎಡಕ್ಕೆ.
ಬಲಕ್ಕಿದ್ದದ್ದು ಬಾಗಿಸುವಾಗ ಚಟ್ಟನೆ ಮುರಿಯಿತು.
ಎಣಿಸಿ ಕೊಟ್ಟ ಹಲಗೆ; ಡಬ್ಬಿ ತಲೆಕೆಳಗು ಮಾಡಿದರೂ
ಹೆಚ್ಚಿನದೊಂದು ಉದುರಲಿಲ್ಲ.

ಕೋಟು ಬಿಚ್ಚುವ ಮೊದಲೇ ಅವಳು
ದೋಣಿಯನ್ನು ಮೂಗಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ,
ಉದ್ದಕ್ಕೂ ನೋಡಿದಳು.
‘ಇದು ಅತ್ತ ನೋಡ್ತಿದೆ’ ಅಂದಳು.
ಬೈಯಲಿಲ್ಲ. ಅದೇ ಕಷ್ಟವಾಯಿತು.
ಅಡುಗೆಮನೆಯ ಡ್ರಾಯರು ಜಾಲಾಡಿ
ಕಳೆದ ಬೇಸಿಗೆಯ ಐಸ್‌ಕ್ರೀಮ್ ಕಡ್ಡಿ ಹುಡುಕಿ ತಂದಳು,
ಮೂರೂ ಸೇರಿದವರು ತಿಂದದ್ದು, ಮೂರು ಕಡ್ಡಿ.
‘ಬಲಕ್ಕೆ ಇವು ಸಾಕು. ಬಣ್ಣ ಹೊಡೆದರೆ ಗೊತ್ತಾಗಲ್ಲ.’
ಗೊತ್ತಾಗುತ್ತದೆ. ಈಗಲೂ.

ಮೇ ತಿಂಗಳಲ್ಲಿ ಸರೋವರ ಬಿಚ್ಚಿಕೊಂಡಿತು.
ಹೊಟ್ಟೆಯಲ್ಲಿ ಗಾಳದ ಸೀಸದ ಗುಂಡು ಹೊತ್ತು
ದೋಣಿ ನೀರಿಗಿಳಿಯಿತು.
ಅವಳಮ್ಮ ಬಂದಿದ್ದಳು, ಸೈಕಲ್ ಸ್ಟ್ಯಾಂಡ್ ಹಾಕದೆ
ಹಿಡಿದುಕೊಂಡೇ ನಿಂತಿದ್ದಳು.
ಗಾಳಿ ಕರವಸ್ತ್ರ ತುಂಬಿತು. ಮುಳುಗಲಿಲ್ಲ.
ನೆಟ್ಟಗೂ ಹೋಗಲಿಲ್ಲ: ಎಡಕ್ಕೆ, ಇನ್ನೂ ಎಡಕ್ಕೆ,
ಬಾತುಕೋಳಿಗಳನ್ನು ಬಳಸಿ ದೊಡ್ಡದೊಂದು ಸುತ್ತು ಹಾಕಿ
ಹೊರಟ ಕಲ್ಲಿಗೇ ಬಂದು ಮೂತಿ ಮುಟ್ಟಿಸಿತು.

‘ನೆಟ್ಟಗಿದ್ದಿದ್ದರೆ ಆಚೆ ದಡಕ್ಕೇ
ಹೋಗಿಬಿಡ್ತಿತ್ತು’ ಅಂದಳು ಅವಳಮ್ಮ,
ನನಗಲ್ಲ, ಸೈಕಲ್ಲಿನ ಹ್ಯಾಂಡಲ್ಲಿಗೆ.

ಹಿಲ್ಲಾಗೆ ಕೇಳಿಸಲಿಲ್ಲ.
ಮೊಣಕಾಲುದ್ದದ ತಣ್ಣೀರಲ್ಲಿ ನಿಂತು
ಹಾಯಿಯ ನೀರು ಒದರಿ
ಮತ್ತೆ ಬಿಟ್ಟಳು,
ಈ ಸಲ ಮೂತಿಯನ್ನು ತುಸು ಬಲಕ್ಕೆ ತಿರುಗಿಸಿ.